ಏರಿಯ ನಾಡಿ ಹಿಡಿದ ದ್ಯಾವಕ್ಕ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಯಲುಸೀಮೆಯಲ್ಲಿ ಹೊಂಗೆಹಾಳು ಅಂತ ಒಂದು ಊರಿತ್ತಂತೆ. ಊರಿನ ನೆತ್ತಿಯ ಮೇಲೆ ಒಂದು ಕೆರೆ. ನೆತ್ತಿಯ ಮೇಲೆ ಅಂತ ಸುಮ್ಮನೆ ಹೇಳಿದ್ದಲ್ಲ, ಏರಿಯ ಮೇಲೆ ನಿಂತರೆ ಊರಿನ ಮಾಳಿಗೆಗಳೆಲ್ಲ ಕಾಲಿನ ಕೆಳಗೆ ಕಾಣುತ್ತಿದ್ದವಂತೆ. ಆ ಊರಲ್ಲಿ ದ್ಯಾವಕ್ಕ ಅಂತ ಒಬ್ಬಳಿದ್ದಳು. ಮಣ್ಣು ಕಲ್ಲಿನ ಕೆಲಸ ಮಾಡುವ ಬೋವಿಗಳ ಹೆಣ್ಣುಮಗಳು.

ಅವಳ ಬಗ್ಗೆ ಜನ ಏನೇನೋ ಹೇಳುತ್ತಾರೆ. ಏರಿಗೆ ಕಿವಿಯಿಟ್ಟರೆ ಒಳಗೆ ನೀರು ನಡೆಯುವ ಸದ್ದು ಅವಳಿಗೆ ಕೇಳುತ್ತಿತ್ತಂತೆ. ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡು ಇದು ನಿಲ್ಲುವ ಮಣ್ಣು, ಇದು ಓಡಿಹೋಗುವ ಮಣ್ಣು ಅನ್ನುತ್ತಿದ್ದಳಂತೆ. ಮುರಿದ ಮೂಳೆ ಅವಳನ್ನು ಕಂಡರೆ ತಾನಾಗಿ ಕೂಡಿಕೊಳ್ಳುತ್ತಿತ್ತಂತೆ. ಈ ಕೊನೆಯದು ಸ್ವಲ್ಪ ಜಾಸ್ತಿಯಾಯಿತು. ಬಿದಿರ ಸೀಳು ಕಟ್ಟಿ, ಸೊಪ್ಪು ಅರೆದು ಹಾಕಿ, ಅಲುಗಾಡಿದರೆ ಬೈದು ಕೂರಿಸಿದರೆ ಎಂಥ ಮೂಳೆಯೂ ಕೂಡುತ್ತದೆ. ಬೈಯುವುದರಲ್ಲೂ ಅವಳದ್ದು ಎತ್ತಿದ ಕೈ.

ಆ ಕೆರೆಯ ಏರಿ ಮುಂಚೆ ಎರಡು ಸಲ ಒಡೆದಿತ್ತು, ಎರಡು ಸಲವೂ ಒಂದೇ ಜಾಗದಲ್ಲಿ. ಮೂರನೇ ಸಲ ಕಟ್ಟುವ ಕೆಲಸ ದ್ಯಾವಕ್ಕನ ಗಂಡ ಚೌಡಬೋವಿಗೆ ಬಂತು. ದ್ಯಾವಕ್ಕ ಆ ಜಾಗವನ್ನು ಮೂರು ದಿನ ಅಗೆದು ನೋಡಿದಳು. ಅಡಿಯಲ್ಲಿ ಯಾವುದೋ ಹಳೆಯ ಹಳ್ಳದ ಮರಳು ಸಿಕ್ಕಿತು. ಮರಳಿನ ಮೇಲೆ ಎಷ್ಟು ಮಣ್ಣು ಪೇರಿಸಿದರೂ ನೀರು ಕೆಳಗಿನಿಂದ ದಾರಿ ಮಾಡಿಕೊಳ್ಳುತ್ತದೆ, ಏರಿ ಇಲ್ಲಿ ಬಳಸಿಕೊಂಡು ಹೋಗಬೇಕು ಅಂದಳು. ಅಂದದ್ದು ಗಂಡನಿಗೆ, ಮನೆಯೊಳಗೆ. ಅವನು ಊರ ಕಟ್ಟೆಯ ಮೇಲೆ ನಿಂತು ಅದನ್ನೇ ಹೇಳಿದ. ನೆಟ್ಟಗಿರುವ ಏರಿಯನ್ನು ಸೊಟ್ಟ ಮಾಡುತ್ತಾನಲ್ಲ ಅಂತ ಕೆಲವರು ನಕ್ಕರು. ಆದರೂ ಚೌಡಬೋವಿಯ ಮಾತು ಅಂತ ಒಪ್ಪಿದರು. ಏರಿ ನಿಂತಿತು. ಊರಿನ ಯಜಮಾನರಾದ ಮರೀಗೌಡರು ಅವನಿಗೆ ಪೇಟ ಕಟ್ಟಿದರು. ಅವನು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಆ ಪೇಟವನ್ನು ಹೆಂಡತಿಯ ತಲೆಗೆ ಸುತ್ತಿದನಂತೆ. ಇಬ್ಬರೂ ನಕ್ಕು ನಕ್ಕು ಸುಸ್ತಾದರಂತೆ. ಒಳ್ಳೆಯ ಮನುಷ್ಯ ಪಾಪ. ಆದರೆ ಬಾಗಿಲು ಹಾಕಿಕೊಂಡೇ ಸುತ್ತಿದ ಅನ್ನುವುದನ್ನೂ ಮರೆಯಬಾರದು.

ಒಂದು ಬೇಸಿಗೆಯಲ್ಲಿ ಚೌಡಬೋವಿ ಜ್ವರ ಬಂದು ತೀರಿಕೊಂಡ. ಅವಳ ಯಾವ ಬೇರೂ ನಾಟಲಿಲ್ಲ. ಅಳತೆ ಇವಳದ್ದು, ಬಾಯಿ ಅವನದ್ದು ಆಗಿತ್ತು. ಈಗ ಬಾಯಿ ಹೋಯಿತು. ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಕಲ್ಲು ಸರಿದಿದೆ ಅಂತ ಹೇಳಹೋದರೆ ನಿನಗ್ಯಾಕವ್ವ ಅದೆಲ್ಲ ಅಂದರು. ಹಾಗೆ ಅಂದವರೇ ಹೊಟ್ಟೆನೋವಿಗೆ, ಮಗುವಿನ ಕೆಮ್ಮಿಗೆ ಅವಳ ಬಾಗಿಲಲ್ಲಿ ಬಂದು ಕೂರುತ್ತಿದ್ದರು. ಎಂಥ ಕಹಿ ಕಷಾಯ ಕೊಟ್ಟರೂ ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಏರಿಯ ವಿಷಯದಲ್ಲಿ ಮಾತ್ರ ಅವಳ ಒಂದು ಮಾತೂ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗಕ್ಕೆ ಕೋಡಿ ಅನ್ನುತ್ತಾರೆ. ಮೊದಲ ನೀರು ಕೋಡಿ ದಾಟುವ ಮುಂಚೆ ಗೌಡರ ಮನೆಯ ಹಿರಿಸೊಸೆ ಮೊರದಲ್ಲಿ ಬಳೆ, ಅರಿಸಿನ, ಕುಂಕುಮ, ಕುಪ್ಪಸದ ಕಣ ಇಟ್ಟು ಕೆರೆಗೆ ಬಾಗಿನ ಕೊಡಬೇಕು. ಅದು ಆ ಊರಿನ ಪದ್ಧತಿ. ಬಾಗಿನವಿಲ್ಲದೆ ಕೋಡಿ ಬಿದ್ದರೆ ಕೆರೆಯಮ್ಮ ಮುನಿಸಿಕೊಂಡು ತವರಿಗೆ ಹೊರಟುಹೋಗುತ್ತಾಳೆ, ಹನ್ನೆರಡು ವರ್ಷ ತಿರುಗಿ ನೋಡುವುದಿಲ್ಲ ಅಂತ ನಂಬಿದ್ದರು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ನೀರು ಕೋಡಿಗೆ ಇನ್ನು ನಾಲ್ಕು ಬೆರಳು ಇದೆ ಅನ್ನುವಾಗ ಮರೀಗೌಡರ ಸೊಸೆ ಕೆಂಪಾಜಮ್ಮ ಹೆತ್ತಳು. ಕಷ್ಟದ ಹೆರಿಗೆ. ದ್ಯಾವಕ್ಕ ಎರಡು ದಿನ ಪಕ್ಕ ಬಿಡದೆ ಕೂತು ತಾಯಿ ಮಗು ಇಬ್ಬರನ್ನೂ ಉಳಿಸಿದಳು. ಹೆಣ್ಣು ಮಗು. ಬಾಣಂತಿಗೆ ಜ್ವರ ಹಿಡಿದುಕೊಂಡಿತು, ಎದ್ದು ಕೂರುವುದಕ್ಕೂ ಆಗುತ್ತಿರಲಿಲ್ಲ. ಅದಿರಲಿ, ಹೆತ್ತ ಮನೆಗೆ ಹನ್ನೊಂದು ದಿನ ಪುರುಡು. ಪುರುಡಿನ ಮೈಲಿಗೆಯಲ್ಲಿ ಬಾಗಿನ ಮುಟ್ಟುವ ಹಾಗಿಲ್ಲ. ಮನೆಗೆ ಇನ್ನೊಬ್ಬ ಸೊಸೆಯಿಲ್ಲ.

ಆಗ ಗೌಡರಿಗೊಂದು ಉಪಾಯ ಹೊಳೆಯಿತು. ಸೊಸೆಯನ್ನು ಕೆರೆಗೆ ತರಲಾಗದಿದ್ದರೆ ಕೆರೆಯನ್ನೇ ಹನ್ನೊಂದು ದಿನ ಕಾಯಿಸುವುದು. ಕೋಡಿಯ ಮೇಲೆ ಹುಲ್ಲುಹೆಂಟೆ, ಜೇಡಿಮಣ್ಣು ಪೇರಿಸಿ ನೀರನ್ನು ತಡೆದರು. ನೀರು ಒಂದು ಗೇಣು ಏರಿದರೆ ಮಣ್ಣು ಒಂದು ಗೇಣು ಏರಿಸಿದರು. ಊರಿಗೆ ಊರೇ ಹುರುಪಿನಿಂದ ಗುದ್ದಲಿ ಹಿಡಿಯಿತು. ಕೆರೆಯಮ್ಮನ ಮಾನ ಉಳಿಯಿತು, ನೀರೂ ಹೆಚ್ಚು ನಿಂತಿತು ಅಂತ ಬೀಗಿದರು.

ಈ ಸುದ್ದಿ ಬಾಣಂತಿಯ ಕೋಣೆಯಲ್ಲಿ ದ್ಯಾವಕ್ಕನ ಕಿವಿಗೆ ಬಿತ್ತು. ಬಾಣಂತಿಯ ಸ್ನಾನಕ್ಕೆ ಲಕ್ಕಿಸೊಪ್ಪು ತರುತ್ತೇನೆ ಅಂತ ಹೇಳಿ ದಿನಾ ಬೆಳಿಗ್ಗೆ ಏರಿಯ ಹಿಂಬದಿಯ ಬುಡಕ್ಕೆ ಹೋಗುತ್ತಿದ್ದಳು. ಅಲ್ಲಿ ಜಿನುಗುವ ನೀರನ್ನು ಬಟ್ಟಲಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದಳು. ಏರಿ ಜಿನುಗುವುದು ತಪ್ಪಲ್ಲ. ತಿಳಿನೀರಾದರೆ ಅದು ಏರಿಯ ಬೆವರು, ಕೆಂಪಗಾದರೆ ರಕ್ತ ಅನ್ನುತ್ತಿದ್ದಳಂತೆ. ಮಣ್ಣು ಒಳಗಿಂದ ತೊಳೆದುಹೋಗುತ್ತಿದೆ ಅಂತ ಅರ್ಥ. ಏಳು ದಿನ ನೀರು ತಿಳಿಯಾಗಿತ್ತು. ಎಂಟನೆಯ ಬೆಳಿಗ್ಗೆ ಬಟ್ಟಲು ಕೆಂಪಾಯಿತು.

ಅವಳು ಬಟ್ಟಲು ಚೆಲ್ಲಿ ಊರಿನ ಕಡೆ ತಿರುಗಿದಳು. ಏರಿಯ ಕೆಳಗೆ ಮೊದಲನೆಯ ಮನೆಯೇ ಗೌಡರದ್ದು. ಅದರೊಳಗೆ ಎದ್ದು ನಡೆಯಲಾರದ ಬಾಣಂತಿ, ಎಂಟು ದಿನದ ಕೂಸು. ಅದರ ಹಿಂದೆ ಇಡೀ ಊರು. ನೇರ ಗೌಡರ ಬಳಿ ಹೋಗಿ, ಕೋಡಿಯ ಮಣ್ಣು ಈಗಲೇ ತೆಗೆಸಿ, ಏರಿಗೆ ಇನ್ನು ಎರಡು ದಿನ ತಡೆಯುವ ಶಕ್ತಿಯಿಲ್ಲ ಅಂದಳು. ಗೌಡರು ಕೋಪಿಸಿಕೊಳ್ಳಲಿಲ್ಲ. ಪ್ರೀತಿಯಿಂದಲೇ ಹೇಳಿದರು.

"ನಮ್ಮನೆ ದೀಪ ಉಳಿಸಿದೋಳು ನೀನು ದ್ಯಾವಕ್ಕ. ಆದ್ರೆ ಏರಿ ಇಚಾರ ಬ್ಯಾರೆ. ಚೌಡಬೋವಿ ಇದ್ದಿದ್ರೆ ಅವನ್ನ ಕೇಳ್ತಿದ್ದೆ."

ಅವಳು ಒಳಗೆ ಬಂದು ಬಾಣಂತಿಯ ಕಾಲ ಬಳಿ ಕೂತಳು. ಗಂಡ ತೀರಿಕೊಂಡ ಮೇಲೆ ಮೊದಲ ಸಲ ಅತ್ತಳಂತೆ. ಕೆಂಪಾಜಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಬೋವಿಯಣ್ಣ ಕನಸಲ್ಲಿ ಬಂದು ಹೇಳಿದ ಅಂತ ಹೇಳು, ಮಾವ ನಂಬುತ್ತಾರೆ ಅಂದಳು. ದ್ಯಾವಕ್ಕನಿಗೆ ಆಸೆಯಾಯಿತು. ಆಗದೆ ಇರುತ್ತದೆಯೇ? ಆದರೆ ಕನಸು ಅಂದರೆ ಪೂಜಾರಿಯನ್ನು ಕೇಳಬೇಕು, ದೇವರ ಅಪ್ಪಣೆಯಾಗಬೇಕು. ಏರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು.

"ಬದುಕಿದ್ದಾಗ ಅವನ ಬಾಯಲ್ಲೇ ಮಾತಾಡ್ದೆ ಕಣವ್ವ. ಈಗ ಸತ್ತೋನ್ನೂ ಎಬ್ಬಿಸ್ಲಾ? ನಾಳೆ ನಿನ್ನ ಮಗಳು ಯಾರ ಹೆಸರು ಹೇಳ್ಕಂಡು ಮಾತಾಡ್ಬೇಕು?"

ಕೆಂಪಾಜಮ್ಮ ಮಗುವಿನ ಮುಖ ನೋಡಿದಳು. ಆಮೇಲೆ ಗೋಡೆಯಲ್ಲಿ ನೇತುಹಾಕಿದ್ದ ಹೊಸ ಮೊರ ತೋರಿಸಿ, ಹಾಗಾದರೆ ಬಾಗಿನ ನೀನೇ ಕೊಟ್ಟು ಬಾ ಅಂದಳು. ಗಂಡ ಸತ್ತವಳು ಬಾಗಿನ ಮುಟ್ಟುವುದನ್ನು ಆ ಊರು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಆದರೂ ದ್ಯಾವಕ್ಕ ಮೊರ ಇಳಿಸಿದಳಂತೆ. ಅವಳ ಬಳಿ ಬಳೆಯಿಲ್ಲ, ಕುಂಕುಮವಿಲ್ಲ. ಇದ್ದ ಬೇರು, ಸೊಪ್ಪು, ಒಂದು ಹಿಡಿ ರಾಗಿ ಇಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಗುದ್ದಲಿ.

ಬಿಸಿಲೇರುವ ಹೊತ್ತಿಗೆ ಕೋಡಿಗೆ ಬಂದಳು. ಕಾವಲಿದ್ದ ಹುಚ್ಚೀರ ಅನ್ನುವವನು ದೊಣ್ಣೆ ಎತ್ತಿದ. ಹಿಂದಿನ ವರ್ಷ ಅವನು ಗಾಡಿಯಿಂದ ಬಿದ್ದು ತೋಳು ಮುರಿದುಕೊಂಡಾಗ ಕಟ್ಟಿದ್ದವಳು ಅವಳೇ.

"ಎತ್ತಪ್ಪ, ಎತ್ತು. ಆ ಕೈ ಎಷ್ಟು ಗಟ್ಟಿಯಾಗಿ ಕೂಡೈತೆ ನೋಡಾನ," ಅಂದಳು.

ದೊಣ್ಣೆ ಇಳಿಯಿತು. ಅವಳು ಮೊರವನ್ನು ನೀರಿಗೆ ಬಿಟ್ಟು ಕೈಮುಗಿದು, ಕೋಡಿಯ ಮೇಲಿನ ಹೆಂಟೆ ತೆಗೆಯತೊಡಗಿದಳು. ಒಮ್ಮೆಗೇ ಅಲ್ಲ. ಒಮ್ಮೆಗೇ ಕಿತ್ತರೆ ನುಗ್ಗುವ ನೀರು ಕೋಡಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ಅಂಗೈ ದಪ್ಪ ತೆಗೆಯುವುದು, ನೀರು ಹರಿದು ಇಳಿಯಲು ಬಿಡುವುದು, ಮತ್ತೆ ಅಂಗೈ ದಪ್ಪ ತೆಗೆಯುವುದು.

ಊರೆಲ್ಲ ಏರಿಗೆ ಓಡಿಬಂತು. ಗೌಡರೂ ಬಂದರು. ಅಷ್ಟರಲ್ಲಿ ಏರಿಯ ಬುಡದಲ್ಲಿ ಕೆಂಪುನೀರು ಬೆರಳು ಗಾತ್ರಕ್ಕೆ ಬರುತ್ತಿರುವುದನ್ನು ಯಾರೋ ಕಂಡು ಕೂಗಿಕೊಂಡರು. ಗಂಡಸರು ಗಾಬರಿಯಿಂದ ಜೇಡಿಮಣ್ಣು ತಂದು ಆ ತೂತಿಗೆ ಮೆತ್ತಲು ಹೊರಟರು. ದ್ಯಾವಕ್ಕ ಕೋಡಿಯ ಸೊಂಟಮಟ್ಟದ ನೀರಲ್ಲಿ ನಿಂತೇ ಕೂಗಿ ತಡೆದಳು.

"ಗೌಡ್ರೇ, ನಿಮ್ ತೊಡೆ ಮ್ಯಾಲೆ ಕುರು ಎದ್ದಾಗ ಅದರ ಬಾಯಿಗೆ ಮಣ್ಣು ಮೆತ್ತಿದ್ನಾ? ಕೀವು ಹೋಗೋಕೆ ದಾರಿ ಬಿಟ್ಟು, ಮಾಂಸ ಉಳಿಯೋ ಹಂಗೆ ಕಟ್ಟಿದೆ. ಇದೂ ಹಂಗೇಯ. ನೀರು ಹೋಗ್ಲಿ, ಮಣ್ಣು ಉಳ್ಕಳ್ಳಿ. ಮೊದ್ಲು ಮರಳು ಹಾಕ್ರಿ, ಅದರ ಮ್ಯಾಲೆ ಗರಸು, ಅದರ ಮ್ಯಾಲೆ ಕಲ್ಲು."

ಗೌಡರ ತೊಡೆಯ ಕುರುವಿನ ಸಂಗತಿ ಊರ ಮುಂದೆ ಬಿದ್ದದ್ದಕ್ಕೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಆದರೆ ಮಾತು ಎಲ್ಲರಿಗೂ ಅರ್ಥವಾಯಿತು. ಅವಳ ಕೈಯಲ್ಲಿ ಕುರು ಕಟ್ಟಿಸಿಕೊಳ್ಳದವರು ಆ ಊರಲ್ಲಿ ಯಾರಿದ್ದರು? ಇದು ಚೌಡಬೋವಿ ಹೇಳಿಕೊಟ್ಟ ವಿದ್ಯೆಯೇ ಅಂತ ಗೌಡರು ಕೇಳಿದರಂತೆ. ಅಲ್ಲ, ಏರಿಗೆ ಬಳಸು ದಾರಿ ತೋರಿಸಿದ್ದೂ ನಾನೇ, ಅವನು ನಿಮಗೆ ದಾಟಿಸಿದ ಅಷ್ಟೆ ಅಂದಳಂತೆ. ಗೌಡರು ಮರಳಿನ ಮೊದಲ ಬುಟ್ಟಿಯನ್ನು ತಾವೇ ಎತ್ತಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಕೆರೆ ಎರಡು ಗೇಣು ಇಳಿದಿತ್ತು. ಅಲ್ಲಿಂದ ಮೂರನೆಯ ದಿನ ಬುಡದ ನೀರು ತಿಳಿಯಾಯಿತು. ಅದೇ ದಿನ ಪುರುಡು ಕಳೆಯಿತು. ಕೆಂಪಾಜಮ್ಮನನ್ನು ಕೈಹಿಡಿದು ಕರೆತಂದರು. ಬಾಗಿನದ ಮೊರದ ಒಂದು ಕಡೆ ಹಿಡಿದುಕೊಳ್ಳಲು ಅವಳು ದ್ಯಾವಕ್ಕನನ್ನೇ ಕರೆದಳು. ಕೆರೆಯಮ್ಮ ತವರಿಗೆ ಹೋಗಲಿಲ್ಲ, ಮರುವರ್ಷವೂ ಕೆರೆ ತುಂಬಿತು. ದ್ಯಾವಕ್ಕನಿಗೆ ಯಾರೂ ಪೇಟ ಕಟ್ಟಲಿಲ್ಲ. ಏರಿಯ ಕಲ್ಲಿನಲ್ಲಿ ಇಂದಿಗೂ ಗೌಡರ ಹೆಸರಿದೆ, ಅವಳದ್ದಿಲ್ಲ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆದರೆ ಹೊಂಗೆಹಾಳಿನಲ್ಲಿ ಒಂದು ಪದ್ಧತಿ ಉಳಿದುಕೊಂಡಿದೆ. ಕೆರೆ ತುಂಬಿದ ವರ್ಷ ಗಂಡನಿಲ್ಲದ ಒಬ್ಬ ಹೆಂಗಸನ್ನು ಮನೆಗೆ ಹೋಗಿ ಕರೆದುಕೊಂಡು ಬರುತ್ತಾರೆ. ಅವಳು ಏರಿಯ ಬುಡದುದ್ದಕ್ಕೂ ಒಬ್ಬಳೇ ನಡೆಯುತ್ತಾಳೆ, ಒದ್ದೆ ಕಂಡಲ್ಲಿ ಬಗ್ಗಿ ಮುಟ್ಟಿ ನೋಡುತ್ತಾಳೆ. ಅವಳು ಮೇಲೆ ಹತ್ತಿ ಬರುವವರೆಗೂ ಗಂಡಸರು ಪೇಟ ತೆಗೆದು ಕೈಯಲ್ಲಿ ಹಿಡಿದು ನಿಂತಿರುತ್ತಾರೆ. ಯಾರೂ ಮಾತಾಡುವಂತಿಲ್ಲ. ಬಂದವಳು ಏರಿ ಗಟ್ಟಿ ಐತೆ ಅನ್ನುತ್ತಾಳೆ. ಗೌಡರ ಮನೆಯವರು ಆಗ ಒಂದೇ ಒಂದು ಮಾತು ಕೇಳಬೇಕು.

"ಇದು ಯಾರ ಮಾತವ್ವ?"

"ನನ್ನ ಮಾತು," ಅಂತ ಅವಳು ಊರಿಗೆಲ್ಲ ಕೇಳುವ ಹಾಗೆ ಹೇಳಿದ ಮೇಲೇ ಮೊದಲ ಬಾಗಿನ ನೀರಿಗಿಳಿಯುತ್ತದೆ.