ಒಬ್ಬಳು ಹಚ್ಚಿದ ಒಲೆಗಳು

"ಗುರುಗಳೇ, ಒಂದು ನಾಡಿನ ಜನರನ್ನು ಒಬ್ಬರೂ ಬಿಟ್ಟುಹೋಗದ ಹಾಗೆ ಎಣಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನಿಗೆ ಅರಮನೆಯಿಂದ ಕರೆ ಬಂದಿತ್ತು. ಎಲ್ಲಿ ಕೆರೆ ಕಟ್ಟಿಸಬೇಕು, ಎಲ್ಲಿ ವೈದ್ಯರನ್ನು ಇಡಬೇಕು, ಎಲ್ಲಿ ಮಕ್ಕಳಿಗೆ ಅಕ್ಷರ ಕಲಿಸಬೇಕು ಎಂಬುದನ್ನು ಅರಸ ಇನ್ನು ಮುಂದೆ ಜನರ ಎಣಿಕೆ ನೋಡಿ ನಿರ್ಧರಿಸುವವನಿದ್ದ. ಆ ಎಣಿಕೆ ನಡೆಸುವ ಹೊಣೆ ಶಿಷ್ಯನ ಮೇಲೆ ಬಿದ್ದಿತ್ತು.

"ಮಳೆಗಾಲ ಮುಗಿದು ದಾರಿ ಒಣಗಿದ ಮೇಲೆ ಹೊರಡುತ್ತೇನೆ," ಎಂದ. "ಒಬ್ಬ ಎಣಿಸಿದ ಬೀದಿಯನ್ನು ಇನ್ನೊಬ್ಬ ಮತ್ತೆ ಎಣಿಸುತ್ತಾನೆ. ಸುಳ್ಳು ಬರೆಯುವುದಿಲ್ಲ ಎಂದು ಎಲ್ಲರಿಂದಲೂ ಆಣೆ ಮಾಡಿಸಿಕೊಂಡಿದ್ದೇನೆ. ಆದರೂ ಯಾಕೋ ಭಯ. ಇನ್ನೇನು ಮಾಡಬೇಕು?"

ದೂರದ ಪ್ರಯಾಣಕ್ಕೆಂದು ಅವನು ಕಾಲಿಗೆ ಹೊಸ ಕೆರ ಹೊಲಿಸಿಕೊಂಡಿದ್ದ. ಅವು ಬಾಗಿಲ ಹೊರಗಿದ್ದವು. ಗುರುಗಳು ಅವುಗಳ ಕಡೆ ಒಮ್ಮೆ ನೋಡಿ, "ಕುಳಿತುಕೋ, ಒಂದು ಕತೆ ಹೇಳುತ್ತೇನೆ," ಎಂದರು.

ಒಂದು ರಾಜ್ಯದಲ್ಲಿ ಒಬ್ಬ ಅರಸನಿದ್ದ. ಒಳ್ಳೆಯವನು. ಅವನ ಅಜ್ಜನ ಕಾಲದಲ್ಲಿ ಅರಮನೆಗೆ ಬಂದು ಗಟ್ಟಿಯಾಗಿ ಅತ್ತವರಿಗೆ ಕೆರೆ ಸಿಗುತ್ತಿತ್ತು. ಅಪ್ಪನ ಕಾಲದಲ್ಲಿ ಗಟ್ಟಿಯಾಗಿ ಹೊಗಳಿದವರಿಗೆ ಸಿಗುತ್ತಿತ್ತು. ಇವನು ಎರಡನ್ನೂ ನಿಲ್ಲಿಸಿದ. ಎಲ್ಲಿ ಜನ ಹೆಚ್ಚಿದ್ದಾರೋ ಅಲ್ಲಿ ಕೆರೆ ಎಂದ. ಊರಗೌಡರು ಇಲ್ಲದ ಜನರನ್ನು ಹುಟ್ಟಿಸಿ ಹೇಳಬಾರದೆಂದು ಒಂದು ನಿಯಮವನ್ನೂ ಮಾಡಿದ. ಎಣಿಸುವವನು ಬಾಯಿಮಾತು ನಂಬಬಾರದು. ಒಲೆಯ ಬೂದಿ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ, ಆ ಒಲೆಯ ಅಡುಗೆ ಉಣ್ಣುವವರನ್ನು ಕಣ್ಣಾರೆ ಕಂಡು ಬರೆದುಕೊಳ್ಳಬೇಕು. ತಣ್ಣಗಿದ್ದರೆ, ಬಾಗಿಲ ಮೇಲೆ ಸುಣ್ಣದಿಂದ ಒಂದು ಗೀಟು ಎಳೆದು ಮುಂದಿನ ಮನೆಗೆ ಹೋಗಬೇಕು. ಈ ಕೆಲಸ ನಡೆಯುತ್ತಿದ್ದದ್ದು ಬೇಸಿಗೆಯಲ್ಲಿ. ಆಗ ಹಳ್ಳಗಳು ಬತ್ತಿ, ನಡೆಯುವವರಿಗೆ ದಾರಿ ಸಲೀಸಾಗಿರುತ್ತಿತ್ತು.

ರಾಜ್ಯದ ಅಂಚಿನಲ್ಲಿ ಕುರಿಗಾರರ ಒಂದು ಊರಿತ್ತು. ಹಳ್ಳ ಬತ್ತಿತೆಂದರೆ ಆ ಊರಿಗೆ ಊರೇ ಕುರಿ ಹೊಡೆದುಕೊಂಡು, ಮಕ್ಕಳನ್ನೂ ಮಡಕೆಗಳನ್ನೂ ಹೊತ್ತುಕೊಂಡು, ಹೊಳೆಯ ಸೀಮೆಗೆ ಹೋಗುತ್ತಿತ್ತು. ಅಲ್ಲಿ ಕೊಯ್ಲು ಮುಗಿದ ಹೊಲಗಳಲ್ಲಿ ರಾತ್ರಿಯಿಡೀ ಕುರಿ ತರುಬಿ ನಿಲ್ಲಿಸುತ್ತಿದ್ದರು. ಹೊಲಕ್ಕೆ ಗೊಬ್ಬರ, ಇವರಿಗೆ ಜೋಳ. ಮಳೆ ಬಿದ್ದು ಹಳ್ಳ ಹರಿದ ಮೇಲೆ, ಮೊಣಕಾಲುದ್ದ ಕೆಸರು ತುಳಿದುಕೊಂಡು ಮನೆಗೆ ಬರುತ್ತಿದ್ದರು.

ಎಣಿಸುವವರು ಹೊಳೆಯ ಸೀಮೆಗೂ ಬಂದರು. ಹೊಲದ ನಡುವೆ ಮೂರು ಕಲ್ಲಿನ ಒಲೆಗಳು ಉರಿಯುತ್ತಿದ್ದವು. ನಿಮ್ಮದು ಯಾವ ಊರು ಎಂದು ಕೇಳಿದರು. ಕುರಿಗಾರರು ಎದೆಯುಬ್ಬಿಸಿ ತಮ್ಮ ಊರಿನ ಹೆಸರು ಹೇಳಿದರು. ಬೇರೆ ಊರಿನ ಹೆಸರು ಹೇಳುವುದೆಂದರೆ ಅವರಿಗೆ ಇನ್ಯಾರನ್ನೋ ಅಪ್ಪ ಎಂದು ಕರೆದ ಹಾಗೆ. ಹಾಗಾದರೆ ನಿಮ್ಮನ್ನು ಅಲ್ಲೇ ಬರೆದುಕೊಳ್ಳುತ್ತಾರೆ ಎಂದು ಎಣಿಸುವವರು ಹೊರಟುಹೋದರು.

ಮಳೆಗಾಲಕ್ಕೆ ಊರಿಗೆ ಬಂದು ನೋಡಿದರೆ ಎಲ್ಲ ಬಾಗಿಲುಗಳ ಮೇಲೂ ಬಿಳಿ ಗೀಟು. ಅರಸನೇ ನಮ್ಮ ಮನೆಗಳಿಗೆ ಗುರುತು ಹಾಕಿಸಿದ್ದಾನೆ ಎಂದು ಊರು ಹಿಗ್ಗಿತು. ಹೆಂಗಸರು ಆ ಗೀಟಿಗೆ ಅರಿಶಿನ ಕುಂಕುಮ ಹಚ್ಚಿದರು. ಗಂಡಸರು ಕೆರೆಗೆ ಜಾಗ ನೋಡಿದರು. ಯಾರ ಕುರಿ ಮೊದಲು ನೀರು ಕುಡಿಯಬೇಕು ಎಂದು ಜಗಳ ಕೂಡ ಆಡಿ ಮುಗಿಸಿದರು.

ಆ ಊರಿನಲ್ಲಿ ಮಾಳವ್ವ ಎಂಬ ಒಬ್ಬ ಹೆಂಗಸಿದ್ದಳು. ಕುರಿಗಾರನ ಹೆಂಡತಿ, ಒಂದು ಹೆಣ್ಣುಮಗುವಿನ ತಾಯಿ. ಮದುವೆಯಾಗಿ ಬಂದ ವರ್ಷ ಬಾಗಿಲ ಮುಂದೆ ಒಂದು ಬೇವಿನ ಸಸಿ ನೆಟ್ಟಿದ್ದಳು. ಅದು ಮನೆಗಿಂತ ಎತ್ತರ ಬೆಳೆದಿತ್ತು. ಆದರೆ ಅದು ಹೂ ಬಿಟ್ಟದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಬೇವು ಹೂ ಬಿಡುವುದು ಯುಗಾದಿಯ ಹೊತ್ತಿಗೆ. ಆಗ ಅವಳು ಹೊಳೆಯ ಸೀಮೆಯಲ್ಲಿರುತ್ತಿದ್ದಳು, ಯಾರದೋ ಮರದ ಹೂವನ್ನು ಕೇಳಿ ಪಡೆದು ಬೆಲ್ಲಕ್ಕೆ ಬೆರೆಸುತ್ತಿದ್ದಳು. ಮನೆಗೆ ಬಂದಾಗ ಅಂಗಳದ ತುಂಬ ಬೇವಿನ ಬೀಜ ಬಿದ್ದಿರುತ್ತಿತ್ತು. ಅದನ್ನು ಗುಡಿಸುವುದಷ್ಟೇ ಅವಳ ಪಾಲಿಗೆ. ಒಂದು ಕೆರೆ ಇದ್ದಿದ್ದರೆ ಊರು ಬಿಡಬೇಕಾಗಿರಲಿಲ್ಲ. ಒಂದು ಯುಗಾದಿಯನ್ನಾದರೂ ತನ್ನ ಮರದ ಕೆಳಗೆ ಮಾಡಬೇಕು ಎಂಬುದು ಅವಳ ಆಸೆ. ಯಾರಿಗೂ ಹೇಳುವಷ್ಟು ದೊಡ್ಡ ಆಸೆಯಲ್ಲ ಎಂದು ಸುಮ್ಮನಿದ್ದಳು.

ಆ ಮಳೆಗಾಲದಲ್ಲಿ ಒಬ್ಬ ಬಳೆಗಾರ ಬಂದ. ಊರೂರು ತಿರುಗಿದವನು. ಮಾಳವ್ವನ ಕೈಗೆ ಬಳೆ ತೊಡಿಸುತ್ತಾ ಬಾಗಿಲ ಕಡೆ ನೋಡಿ ನಗತೊಡಗಿದ.

"ಆ ಗೀಟಿಗೆ ಕುಂಕುಮ ಬೇರೆಯೇ ತಾಯಿ? ಈ ಮನೆಯಲ್ಲಿ ಯಾರೂ ಇಲ್ಲ ಎಂದು ಅದರ ಅರ್ಥ. ಹಾಗಾದರೆ ನಾನೀಗ ಬಳೆ ತೊಡಿಸುತ್ತಿರುವುದು ಯಾರ ಕೈಗೆ?"

ಬರುವ ಬೇಸಿಗೆಯಲ್ಲಿ ಒಲೆಯ ಬೂದಿ ಮುಟ್ಟಿ ನೋಡಿ ಇನ್ನೊಮ್ಮೆ ಎಣಿಸಿ, ಆಮೇಲೆ ಕೆರೆ ಎಲ್ಲಿ ಎಂದು ನಿರ್ಧರಿಸುತ್ತಾರೆ ಎಂಬುದನ್ನೂ ಅವನೇ ಹೇಳಿದ. ಮಾಳವ್ವ ನಗಲಿಲ್ಲ. ಒದ್ದೆ ಬಟ್ಟೆ ತಂದು ಕುಂಕುಮದ ಸಮೇತ ಗೀಟನ್ನು ಒರೆಸಿದಳು.

ಹಳ್ಳ ಬತ್ತಿತು. ಊರು ಹೊರಟಿತು. ಮಾಳವ್ವ ಗಂಟು ಕಟ್ಟಲಿಲ್ಲ.

"ನೀರಿಗೇನು ಮಾಡುತ್ತೀ?" ಎಂದು ಗಂಡ ಕೇಳಿದ.

"ಹಳ್ಳದ ಮರಳಲ್ಲಿ ಒರತೆ ತೋಡಿಕೊಳ್ಳುತ್ತೇನೆ. ಒಬ್ಬಳಿಗೆ ಸಾಕು."

"ಒಬ್ಬಳೇ ಕೂತು ಯಾರಿಗೆ ಅಡುಗೆ ಮಾಡುತ್ತೀ?"

"ಅರಸನಿಗೆ," ಎಂದಳು ಮಾಳವ್ವ. "ಅವನು ನಮ್ಮ ಒಲೆ ನೋಡಬೇಕಂತಲ್ಲ, ನೋಡಲಿ."

ಮಗಳು ಅಪ್ಪನ ಜೊತೆ ಹೋಗಬೇಕಾಯಿತು. ಹೋಗುವಾಗ, "ಅವ್ವಾ, ನಮ್ಮ ಬೇವು ಹೂ ಬಿಟ್ಟರೆ ನನಗೆ ಸ್ವಲ್ಪ ತೆಗೆದಿಡು," ಎಂದಳು.

ಊರಿನಲ್ಲಿ ಒಬ್ಬಳೇ ಉಳಿದಳು. ಪ್ರತಿದಿನ ಬೆಳಿಗ್ಗೆ ಎದ್ದು ಒಂದು ಮಡಕೆಯಲ್ಲಿ ಕೆಂಡ ಹಿಡಿದು ಮನೆಮನೆಗೆ ಹೋಗಿ ಒಲೆ ಹಚ್ಚುತ್ತಿದ್ದಳು. ಆಮೇಲೆ ಒರತೆಗೆ ಹೋಗಿ ಚಿಪ್ಪಿನಲ್ಲಿ ಮೊಗೆದು ಒಂದು ಕೊಡ ನೀರು ತುಂಬಿಸುತ್ತಿದ್ದಳು. ಆಮೇಲೆ ದಾರಿ ನೋಡುತ್ತಿದ್ದಳು. ಗಂಡನಿಗಾಗಿಯೂ ಅವಳು ಯಾವತ್ತೂ ಹಾಗೆ ದಾರಿ ನೋಡಿದವಳಲ್ಲ.

ಒಂದು ದಿನ ಎದ್ದು ಬಾಗಿಲು ತೆರೆದಾಗ ಅಂಗಳ ಬಿಳುಪಾಗಿತ್ತು. ಬೇವು ಹೂ ಬಿಟ್ಟು ಉದುರತೊಡಗಿತ್ತು. ಯುಗಾದಿಯ ದಿನ ತನ್ನ ಮರದ ಹೂವಿಗೆ ಬೆಲ್ಲ ಬೆರೆಸಿ ಬಾಯಿಗೆ ಹಾಕಿಕೊಂಡಳು. ಹಂಚಲು ಯಾರೂ ಇರಲಿಲ್ಲ. ಉಳಿದದ್ದು ಬಟ್ಟಲಲ್ಲೇ ಉಳಿಯಿತು. ಮಗಳಿಗೆಂದು ಒಂದು ಹಿಡಿ ಹೂವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ಯುಗಾದಿ ಕಳೆದ ಮೇಲೆ ಎಣಿಸುವವನು ಬಂದ. ಪ್ರಾಮಾಣಿಕ ಮನುಷ್ಯ. ಮೊದಲ ಮನೆಯ ಬೂದಿ ಬೆಚ್ಚಗಿತ್ತು. ಎರಡನೆಯದೂ ಬೆಚ್ಚಗಿತ್ತು. ಹೋದ ಹೋದ ಮನೆಯಲ್ಲೆಲ್ಲ ಬೂದಿ ಬೆಚ್ಚಗಿತ್ತು, ಬಾಗಿಲಲ್ಲಿ ಮಾತ್ರ ಅದೇ ಹೆಂಗಸು ಏದುಸಿರು ಬಿಡುತ್ತಾ ಬಂದು ನಿಲ್ಲುತ್ತಿದ್ದಳು. ಇದು ನನ್ನ ಭಾವನ ಮನೆ, ಅವನ ತಾಯಿಗೆ ಕಣ್ಣು ಕಾಣಿಸುವುದಿಲ್ಲ, ಅವಳನ್ನೂ ಬರೆದುಕೋ ಎನ್ನುತ್ತಿದ್ದಳು. ಇದು ಬಸುರಿಯ ಮನೆ, ಈ ಹೊತ್ತಿಗೆ ಹೆತ್ತಿರುತ್ತಾಳೆ, ಇಬ್ಬರು ಎಂದು ಬರೆದುಕೋ ಎನ್ನುತ್ತಿದ್ದಳು. ಅವನು ಅವಳ ಮಸಿಯಾದ ಕೈಗಳನ್ನು ನೋಡಿದ.

"ಉಣ್ಣುವವರು ಎಲ್ಲಿ, ತಾಯಿ?"

"ನೀರಿಲ್ಲ ಎಂದು ಹೋಗಿದ್ದಾರೆ. ಕೆರೆ ಕೊಡಿ, ಇರುತ್ತಾರೆ."

"ಜನ ಇದ್ದರೆ ತಾನೇ ಕೆರೆ ಕೊಡುವುದು?"

"ಹಾಗಾದರೆ ಮಳೆಗಾಲದಲ್ಲಿ ಬಾ. ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅಷ್ಟು ಜನ ತೋರಿಸುತ್ತೇನೆ."

"ಮಳೆಗಾಲದಲ್ಲಿ ಈ ದಾರಿಯಲ್ಲಿ ಹೇಗೆ ಬರುವುದು ತಾಯಿ, ಎಲ್ಲ ಕೆಸರು."

"ನಾವು ಅದೇ ಕೆಸರಿನಲ್ಲಿ ಕುರಿಮರಿ ಹೊತ್ತುಕೊಂಡು ಬರುತ್ತೇವಲ್ಲಪ್ಪಾ. ನಿನ್ನ ಕಾಲನ್ನೇನು ಬೆಣ್ಣೆಯಲ್ಲಿ ಮಾಡಿದ್ದಾರೆಯೇ?"

ಅವನಿಗೆ ಸಿಟ್ಟು ಬರಲಿಲ್ಲ. ಕಂಡದ್ದನ್ನು ಮಾತ್ರ ಬರೆಯುತ್ತೇನೆಂದು ಆಣೆ ಮಾಡಿದ್ದೇನೆ ಎಂದು ಮೆಲ್ಲಗೆ ಹೇಳಿದ. ಆ ಊರಿನ ಹೆಸರಿನ ಮುಂದೆ ಒಬ್ಬಳು ಎಂದು ಬರೆದುಕೊಂಡ. ಬಿಸಿಲಿತ್ತು. ಮಾಳವ್ವ ಆ ದಿನ ತುಂಬಿಸಿದ್ದ ನೀರನ್ನು ಅವನಿಗೆ ಕೊಟ್ಟಳು. ಅವನು ಬೇವಿನ ಕೆಳಗೆ ಕುಳಿತು ಕುಡಿದ. ಒಳ್ಳೆಯ ಮರ ಎಂದ. ಹೊರಟಾಗ ಅವನ ರುಮಾಲಿನ ಮಡಿಕೆಗಳಲ್ಲಿ ಹೂ ಸೇರಿಕೊಂಡಿತ್ತು. ಅದು ಅವನಿಗೆ ಗೊತ್ತಾಗಲಿಲ್ಲ.

ಅರಮನೆಯಲ್ಲಿ ಮಂತ್ರಿಗಳು ಎಣಿಕೆ ನೋಡಿದರು. ಒಲೆಗಳು ಹೆಚ್ಚಾಗಿ ಬೆಚ್ಚಗಿದ್ದದ್ದು ಹೊಳೆಯ ಸೀಮೆಯಲ್ಲಿ. ಆದ್ದರಿಂದ ಕೆರೆ ಹೊಳೆಯ ಪಕ್ಕದಲ್ಲೇ ಆಯಿತು. ಆದರೆ ಆ ಮಂತ್ರಿಗಳೂ ಕರುಣೆ ಇಲ್ಲದವರಲ್ಲ. ಹಾಳೂರಿನಲ್ಲಿ ಪಾಪ ಒಬ್ಬಳೇ ಹೆಂಗಸು ಇದ್ದಾಳಂತೆ, ಅವಳನ್ನು ಕರೆತಂದು ಛತ್ರದಲ್ಲಿ ಇಡೋಣ ಎಂದು ಒಂದು ಗಾಡಿ ಕಳಿಸಿದರು.

ಗಾಡಿ ಊರ ಹತ್ತಿರ ಬರುವಷ್ಟರಲ್ಲಿ ಮಳೆ ಹಿಡಿಯಿತು. ಹಳ್ಳದ ಕೆಸರಿನಲ್ಲಿ ಗಾಲಿ ಹೂತುಹೋಯಿತು. ಅದೇ ಹೊತ್ತಿಗೆ ಹೊಳೆಯ ಸೀಮೆಯಿಂದ ಹಿಂದಿರುಗುತ್ತಿದ್ದ ಕುರಿಗಾರರು ಬಂದು, ಗಂಡಸರು ಹೆಂಗಸರು ಎಲ್ಲ ಸೇರಿ, ಹೆಗಲು ಕೊಟ್ಟು ಗಾಡಿಯನ್ನು ಎತ್ತಿದರು.

"ಈ ಊರಿನಲ್ಲಿ ಒಬ್ಬಳೇ ಇದ್ದಾಳಂತಲ್ಲ, ಅವಳು ಯಾರು?" ಎಂದು ಗಾಡಿಯವನು ಕೇಳಿದ.

ಊರೆಲ್ಲ ನಕ್ಕಿತು. ತನ್ನವರನ್ನು ಎದುರುಗೊಳ್ಳಲು ಊರಿನಿಂದ ಹಳ್ಳಕ್ಕೆ ಬಂದಿದ್ದ ಮಾಳವ್ವ ಮುಂದೆ ಬಂದು, "ನಾನೇ. ನನ್ನ ಜೊತೆ ಈ ಇಲ್ಲದವರನ್ನೂ ಹತ್ತಿಸಿಕೊಳ್ಳುತ್ತೀಯಾ?" ಎಂದಳು.

ಗಾಡಿಯವನು ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ಕಂಡದ್ದನ್ನು ಅರಮನೆಯಲ್ಲಿ ಹೇಳಿದ. ಯಾರೂ ಬರೆದುಕೊಳ್ಳಲಿಲ್ಲ. ಅವನ ಕೆಲಸ ಗಾಡಿ ಹೊಡೆಯುವುದು, ಎಣಿಸುವುದಲ್ಲ.

ಮಗಳು ಓಡಿಬಂದು ಮೊದಲು ಕೇಳಿದ್ದು ಹೂವನ್ನು. ಮಾಳವ್ವ ಸೆರಗಿನ ಗಂಟು ಬಿಚ್ಚಿದಳು. ಹೂ ಒಣಗಿ ಪುಡಿಯಾಗಿತ್ತು. ಮಗಳು ಅದನ್ನು ಅಂಗೈಗೆ ಹಾಕಿಕೊಂಡು ಮೂಸಿದಳು.

"ಮರದ ಮೇಲೆ ಇದ್ದಾಗ ಹೇಗಿತ್ತು ಅವ್ವಾ?"

ಮಾಳವ್ವ ಪೊರಕೆ ತೆಗೆದುಕೊಂಡು ಅಂಗಳದಲ್ಲಿ ಬಿದ್ದ ಬೀಜ ಗುಡಿಸತೊಡಗಿದಳು. ಮುಂದಿನ ಬೇಸಿಗೆಗೆ ಅವಳೂ ಗಂಟು ಕಟ್ಟಿದಳು.

ಗುರುಗಳು ಕತೆ ನಿಲ್ಲಿಸಿದರು.

"ಗುರುಗಳೇ, ಆ ಎಣಿಸುವವನು ಸುಳ್ಳು ಬರೆಯಲಿಲ್ಲ, ಲಂಚ ಮುಟ್ಟಲಿಲ್ಲ, ಒಂದು ಮನೆಯನ್ನೂ ಬಿಡಲಿಲ್ಲ. ಹಾಗಿದ್ದರೂ ಒಂದು ಊರು ಹೇಗೆ ತಪ್ಪಿಹೋಯಿತು?"

ಗುರುಗಳು ಬಾಗಿಲ ಹೊರಗಿದ್ದ ಹೊಸ ಕೆರಗಳನ್ನು ಇನ್ನೊಮ್ಮೆ ನೋಡಿದರು.

"ದಾರಿ ಒಣಗಿದ ಮೇಲೆ ಹೊರಡುತ್ತೇನೆ ಎಂದೆಯಲ್ಲ, ಆ ಕಾಲವನ್ನು ಯಾರನ್ನು ಕೇಳಿ ಗೊತ್ತು ಮಾಡಿದೆ?"