ಒಲ್ಲೆ ಎಂದ ಪೈಲಟ್

"ಬುದ್ಧಿ, ಹೇಳಿದ ಕೆಲಸವನ್ನು ಒಲ್ಲೆ ಎನ್ನುವವನಿಗೆ ಶಿಕ್ಷೆ ಕೊಟ್ಟರೆ ತಪ್ಪೇ?"

ಹೀಗೆ ತನ್ನ ಗುರುಗಳನ್ನು ಕೇಳಿದವನು ಗುರುಮಲ್ಲೇಶ. ವಿಮಾನ ಕಂಪನಿಯೊಂದರಲ್ಲಿ ಪೈಲಟ್‌ಗಳಿಗೆ ಡ್ಯೂಟಿ ಹಾಕುವ ಅಧಿಕಾರಿ. ಅವನ ಪೈಲಟ್ ಒಬ್ಬ ಮೂರು ಸಲ ಡ್ಯೂಟಿಗೆ ಬರಲು ಒಲ್ಲೆ ಎಂದಿದ್ದ. ಅವನನ್ನು ಕೆಲಸದಿಂದ ತೆಗೆಯಬೇಕೆಂದು ಮೇಲಿನವರಿಗೆ ಬರೆದ ಪತ್ರ ಸಿದ್ಧವಾಗಿತ್ತು, ಸಹಿ ಒಂದು ಬಾಕಿ. ಗುರುಮಲ್ಲೇಶ ಅದನ್ನು ಗುರುಗಳಿಗೆ ಓದಿ ಹೇಳಿ, ಮಡಚಿ, ಮತ್ತೆ ಅಂಗಿಯ ಜೇಬಿಗೆ ಇಟ್ಟುಕೊಂಡ.

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಕಂಪನಿಯಲ್ಲಿ ನಿನ್ನಂಥವನೇ ಒಬ್ಬ ಅಧಿಕಾರಿ ಇದ್ದ. ಅವನ ಕೈಕೆಳಗೆ ಬಹಳ ಪೈಲಟ್‌ಗಳು. ನಮ್ಮ ಕತೆಗೆ ಇಬ್ಬರು ಸಾಕು.

ಅಲ್ಲಿ ಹಾರಿಸಿದ ಗಂಟೆಗೆ ಮಾತ್ರ ಸಂಬಳ. ವಿಮಾನದ ಗಾಲಿ ಉರುಳಿದರೆ ಲೆಕ್ಕ, ನಿಂತರೆ ಇಲ್ಲ. ಮೊದಲು ಬೆಳಿಗ್ಗೆ ಹೊರಟ ಪೈಲಟ್ ಎರಡು ಊರು ಮುಟ್ಟಿ ಬಂದು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಿದ್ದ. ಒಂದು ವರ್ಷ ಕಂಪನಿ ವೇಳಾಪಟ್ಟಿ ಬದಲಿಸಿತು. ಈಗ ಒಂದೇ ಊರು, ಅಲ್ಲಿ ಐದು ಗಂಟೆ ಕುರ್ಚಿಯ ಮೇಲೆ ಕಾಯಬೇಕು, ಆಮೇಲೆ ವಾಪಸು. ಕಾದದ್ದಕ್ಕೆ ಕಾಸಿಲ್ಲ. ಆ ವೇಳೆಯಾದರೂ ನಾಳೆ ಹಾಗೇ ಇರುತ್ತದೆಯೇ? ಅದೂ ಇಲ್ಲ. ಒಂದು ಫೋನ್ ಬಂದರೆ ಬೆಳಗಿನದು ಸಂಜೆಗೆ, ಸಂಜೆಯದು ನಸುಕಿಗೆ. ಅಧಿಕಾರಿಗೆ ಅದು ಅತ್ತಲ ಹೆಸರನ್ನು ಇತ್ತ ಸರಿಸುವ ಕೆಲಸ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪೈಲಟ್‌ಗಳು ಮನೆಯ ಹೊರಗೆ ಇರುವ ಹೊತ್ತು ಹೆಚ್ಚಿತು, ಸಂಬಳ ಇಳಿಯಿತು. ಇದು ಅನ್ಯಾಯ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಮೊದಲನೆಯ ಪೈಲಟ್ ಯಾವಾಗ ಕರೆದರೂ "ಆಗಲಿ ಸಾರ್" ಎನ್ನುತ್ತಿದ್ದ. ಇಳಿದ ಸಂಬಳವನ್ನು ರಜೆಯ ದಿನವೂ ಹಾರಿಸಿ ತುಂಬಿಕೊಳ್ಳುತ್ತಿದ್ದ. ಅವನ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆಯುತ್ತಿದ್ದಳು. ಮಗನ ಹುಟ್ಟುಹಬ್ಬ, ನಾದಿನಿಯ ಸೀಮಂತ, ಮಾವನ ಕಣ್ಣಿನ ಆಪರೇಷನ್. ಮೊಳೆಗೆ ದಾರ ಕಟ್ಟಿ ಒಂದು ರಬ್ಬರ್ ಇಳಿಬಿಟ್ಟಿದ್ದಳು. ಅಳಿಸಿ ಅಳಿಸಿ ಆ ವರ್ಷದ ಭಾನುವಾರಗಳೆಲ್ಲ ತೂತು ಬಿದ್ದಿದ್ದವು. ಆ ಪೈಲಟನ್ನು ನೀನು ಹೀಗಳೆಯಬೇಡ. ಸಂಸಾರಸ್ಥ, ಒಲ್ಲೆ ಎನ್ನಲು ಹೆದರುತ್ತಿದ್ದ, ಅಷ್ಟೆ.

ಎರಡನೆಯವನೂ ಸಂಸಾರಸ್ಥನೇ. ಬದಲಾದ ಡ್ಯೂಟಿಯನ್ನು ಅವನೂ ಒಪ್ಪುತ್ತಿದ್ದ. ಆದರೆ ನಿದ್ದೆ ಸಾಲದ ದಿನ ವಿಮಾನ ಹತ್ತುತ್ತಿರಲಿಲ್ಲ.

ಅಧಿಕಾರಿ ಫೋನಿನಲ್ಲಿ ರೇಗಿದ: "ಎಲ್ಲರೂ ಬರ್ತಾರೆ, ನಿಮಗೊಬ್ಬರಿಗೇ ಏನ್ರೀ ನಿದ್ದೆ? ಸಂಬಳ ಹೋಗುತ್ತೆ, ಗೊತ್ತು ತಾನೇ?"

"ಗೊತ್ತು ಸಾರ್. ಮೂರು ದಿನದಲ್ಲಿ ನಾಲ್ಕು ಸಲ ಹೊತ್ತು ಬದಲಾಯಿಸಿದ್ದೀರಿ, ಕಣ್ಣು ಎಳೀತಿದೆ. ಸಂಬಳ ನನ್ನದು, ಬಿಟ್ಟುಕೊಡ್ತೀನಿ. ಹಿಂದೆ ಕೂತಿರೋ ನೂರೆಂಬತ್ತು ಜನರ ಜೀವ ನನ್ನದಲ್ಲ, ಅದನ್ನ ಬಿಟ್ಟುಕೊಡೋಕೆ ನಾನ್ಯಾರು?"

ಆ ತಿಂಗಳು ಅವನ ಸಂಬಳ ಕಡಿತವಾಯಿತು. ಮುಂದಿನ ತಿಂಗಳೂ ಆಯಿತು. ಹೆಂಡತಿ ಎಂದೋ ಬಿಟ್ಟಿದ್ದ ಶಾಲೆಯ ಕೆಲಸಕ್ಕೆ ಮತ್ತೆ ಸೇರಿದಳು. ಇವನ ಪಾಲಿನದು ನಮ್ಮ ತಲೆಗೆ ಬರುತ್ತದೆ ಎಂದು ಜೊತೆಯ ಪೈಲಟ್‌ಗಳು ಗೊಣಗಿದರು. ಅವನಿಗೂ ನೋವಾಯಿತು. ಆದರೂ ನಿದ್ದೆ ಸಾಲದ ಇನ್ನೆರಡು ದಿನ ಒಲ್ಲೆ ಎಂದೇ ಹೇಳಿದ. ಇವನ ಸೊಕ್ಕು ಮುರಿಯುತ್ತೇನೆಂದು ಅಧಿಕಾರಿ ಒಂದು ವಾರ ಅವನಿಗೆ ಡ್ಯೂಟಿಯನ್ನೇ ಹಾಕಲಿಲ್ಲ. ಕೆಲಸದಿಂದ ತೆಗೆಯಲು ಪತ್ರವನ್ನೂ ಬರೆದಿಟ್ಟ.

ಅದೇ ವಾರ ಅಧಿಕಾರಿಯ ಮಗಳು ಐದು ತಿಂಗಳ ಕೂಸನ್ನು ಎತ್ತಿಕೊಂಡು ಗಂಡನ ಊರಿನಿಂದ ತವರಿಗೆ ಹೊರಟಳು. ಯಾವ ವಿಮಾನಕ್ಕೆ ಬರುತ್ತೀಯೆಂದು ಅಪ್ಪ ಕೇಳಿದ, ಅವಳು ಹೇಳಿದಳು. ಅಧಿಕಾರಿ ಪಟ್ಟಿ ತೆಗೆದು ನೋಡಿದ. ಆ ವಿಮಾನದ ಮುಂದೆ ಮೊದಲನೆಯ ಪೈಲಟ್‌ನ ಹೆಸರಿತ್ತು. ಬರೆದವನು ತಾನೇ. ಆ ಪೈಲಟ್ ಆ ವಾರ ಎಷ್ಟು ನಿದ್ದೆ ಮಾಡಿದ್ದಾನೆಂದು ಸರಿಯಾಗಿ ಗೊತ್ತಿದ್ದವನೂ ತಾನೇ. ಕಿತ್ತುಕೊಂಡವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಅಧಿಕಾರಿ ಆ ಹೆಸರನ್ನು ಅಳಿಸಿದ. ಎರಡನೆಯವನಿಗೆ ಫೋನ್ ಮಾಡಿದ.

"ನಾಳೆ ಹಾರಿಸ್ತೀರಾ? ನಿದ್ದೆ ಆಗಿದೆಯಾ?"

"ಆಗಿದೆ ಸಾರ್. ವಾರದಿಂದ ನೀವೇ ಮಲಗಿಸಿದ್ದೀರಲ್ಲ."

ಮಗಳೂ ಕೂಸೂ ಸುಖವಾಗಿ ಬಂದಿಳಿದರು. ಮೊದಲನೆಯ ಪೈಲಟ್ ಅಂದು ಮನೆಯಲ್ಲಿ ಮಲಗಿ ಸಂಜೆಯವರೆಗೆ ನಿದ್ದೆ ಮಾಡಿದ. ತನಗೆ ಬಿಡುವು ಯಾಕೆ ಸಿಕ್ಕಿತೆಂದು ಅವನಿಗೆ ತಿಳಿಯಲಿಲ್ಲ, ಯಾರೂ ಹೇಳಲೂ ಇಲ್ಲ. ಅಧಿಕಾರಿ ಮೊಮ್ಮಗುವನ್ನು ಎತ್ತಿ ಮುದ್ದಾಡಿ, ಮರುದಿನ ಕಚೇರಿಗೆ ಬಂದು ಕುಳಿತ. ಮೇಜಿನ ಮೇಲೆ ಪತ್ರ ಇತ್ತು. ಪೆನ್ನು ತೆಗೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗುರುಮಲ್ಲೇಶ ಕೇಳಿದ:

"ಸಹಿ ಹಾಕಿದನೇ, ಬುದ್ಧಿ?"

"ಪತ್ರ ನಿನ್ನ ಜೇಬಿನಲ್ಲೇ ಇದೆಯಲ್ಲಪ್ಪ, ತೆಗೆದು ನೀನೇ ನೋಡು."