ಅಳಿಸದೆ ಉಳಿದ ಸಾಲು

"ಗುರುಗಳೇ, ನನ್ನ ಜೊತೆ ಕೆಲಸ ಮಾಡಿದವನೇ ನನ್ನ ತಂತ್ರಾಂಶವನ್ನು ಕದ್ದು ತನ್ನದೆಂದು ಮಾರುತ್ತಿದ್ದಾನೆ. ದಾವೆ ಹೂಡಿದರೆ ನನ್ನದು ನನಗೆ ಮರಳಿ ಬರುತ್ತದೆಯೇ?" ಎಂದು ಶಿಷ್ಯ ತಿಪ್ಪೇಶ ಕೇಳಿದ.

"ಬರುತ್ತದೆ, ಬರುತ್ತದೆ. ಅವಸರ ಯಾಕೆ? ಮೊದಲು ಕೂತುಕೋ," ಎಂದರು ಗುರುಗಳು. "ಕಂಪ್ಯೂಟರಿನ ಕತೆಯನ್ನೇ ಹೇಳುತ್ತೇನೆ. ಈ ಮುದುಕನಿಗೇನು ಗೊತ್ತು ಎಂದು ನಗಬೇಡ."

ಇಬ್ಬರು ಗೆಳೆಯರು ಸೇರಿ ಒಂದು ಡೇಟಾಬೇಸ್ ಬರೆದರು. ಲಕ್ಷಾಂತರ ದಾಖಲೆಗಳನ್ನು ಜೋಡಿಸಿಟ್ಟು, ಕೇಳಿದ್ದನ್ನು ಚಿಟಿಕೆ ಹೊಡೆಯುವುದರೊಳಗೆ ಹುಡುಕಿಕೊಡುವ ತಂತ್ರಾಂಶ ಅದು. ಆಮೇಲೆ ಯಾವುದೋ ಹಾಳು ಮಾತಿಗೆ ಜಗಳವಾಯಿತು. ಹಿರಿಯವನು ಕಂಪನಿಯಲ್ಲೇ ಉಳಿದ. ಕಿರಿಯವನು ಎದ್ದು ಹೋಗಿ ಬೇರೆ ಕಂಪನಿ ಕಟ್ಟಿದ, ಅಂಥದೇ ಡೇಟಾಬೇಸ್ ಮಾರತೊಡಗಿದ.

ಹನ್ನೊಂದು ವರ್ಷ ಮಾತಿಲ್ಲ. ಹಿರಿಯವನಿಗೆ ಗೆಳೆಯನ ನೆನಪು ಬಾರದ ದಿನವಿರಲಿಲ್ಲ. ಹೊಸದೇನಾದರೂ ಹೊಳೆದರೆ ಪಕ್ಕಕ್ಕೆ ತಿರುಗಿ, "ನೋಡೋ ಇಲ್ಲಿ," ಎಂದುಬಿಡುತ್ತಿದ್ದ. ಪಕ್ಕದಲ್ಲಿ ಬೇರೆ ಯಾರೋ ಇರುತ್ತಿದ್ದರು. ಆದರೂ ಫೋನು ಮಾಡಲಿಲ್ಲ, ಮಹಾರಾಯ! ತಂತ್ರಾಂಶ ಕದ್ದನೆಂದು ದಾವೆ ಹೂಡಿದ. ಹಾಗಾದರೂ ಅವನ ಮುಖ ನೋಡಬಹುದೆಂಬ ಆಸೆ ಒಳಗೊಳಗೇ ಇತ್ತು. ಅದನ್ನು ವಕೀಲರಿಗೆ ಹೇಳಲಿಲ್ಲ.

ನ್ಯಾಯಾಲಯ ನೇಮಿಸಿದ ಪರಿಣತನು ಎರಡೂ ಕಂಪನಿಗಳ ತಂತ್ರಾಂಶದ ಬರಹವನ್ನು ಸಾಲಿಗೆ ಸಾಲು ಹೋಲಿಸಿದ. ತಂತ್ರಾಂಶ ಬರೆಯುವವರು ನಡುನಡುವೆ ಒಬ್ಬರಿಗೊಬ್ಬರು ಟಿಪ್ಪಣಿ ಬರೆದಿಡುವ ರೂಢಿಯುಂಟು. ಯಂತ್ರ ಅದನ್ನು ಲೆಕ್ಕಿಸುವುದಿಲ್ಲ. ಕಿರಿಯವನ ಡೇಟಾಬೇಸಿನಲ್ಲಿ ಹಿರಿಯವನು ಎಂದೋ ಬರೆದ ಟಿಪ್ಪಣಿಯೊಂದು ಹಾಗೆಯೇ ಇತ್ತು: "ಇಲ್ಲಿ ಕೈ ಹಾಕಬೇಡ ಮಾರಾಯ. ಊಟ ಮಾಡಿ ಬಂದು ನಾನೇ ಸರಿಮಾಡುತ್ತೇನೆ."

ಸುತ್ತಲಿನ ಸಾಲುಗಳನ್ನೆಲ್ಲ ಕಿರಿಯವನು ಹತ್ತಾರು ಬಾರಿ ತಿದ್ದಿದ್ದ. ಅದೊಂದನ್ನು ಮಾತ್ರ ಮುಟ್ಟಿರಲಿಲ್ಲ. ಅಳಿಸಲು ಒಂದು ಕ್ಷಣ ಸಾಕಿತ್ತು.

"ಕಳ್ಳ ಸಿಕ್ಕಿಬಿದ್ದ!" ಎಂದು ವಕೀಲರು ಹಿಗ್ಗಿ ಹೀರೇಕಾಯಿಯಾದರು. ಹಿರಿಯವನು ಆ ಟಿಪ್ಪಣಿಯನ್ನೇ ಮತ್ತೆ ಮತ್ತೆ ಓದಿದ. ಎದುರು ಬದಿಯಲ್ಲಿ ಕಿರಿಯವನು ತಲೆ ತಗ್ಗಿಸಿ ಕೂತಿದ್ದ. ಹಿರಿಯವನು ಎದ್ದು ಹೋಗಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ದಾವೆ ಗೆದ್ದ. ನಕಲಾದದ್ದನ್ನೆಲ್ಲ ತೆಗೆದುಹಾಕಬೇಕೆಂದು ಆದೇಶವಾಯಿತು. ಮನೆಗೆ ಬಂದವನಿಗೆ ಅನ್ನ ಸೇರಲಿಲ್ಲ. ನಾಲ್ಕು ದಿನ ಹೇಗೋ ತಡೆದುಕೊಂಡ. ಕೊನೆಗೆ ಗೆಳೆಯನಿಗೆ ಬರೆದ: "ನಿನ್ನನ್ನು ನೋಡಬೇಕು ಕಣೋ. ಒಮ್ಮೆ ಬಾ."

ಉತ್ತರ ಗೆಳೆಯನ ವಕೀಲರಿಂದ ಬಂತು. "ಆದೇಶದಂತೆ ಆ ಟಿಪ್ಪಣಿಯನ್ನೂ ಅಳಿಸಲಾಗಿದೆ. ನಮ್ಮ ಕಕ್ಷಿದಾರರ ಬಳಿ ಇನ್ನು ನಿಮ್ಮದೇನೂ ಉಳಿದಿಲ್ಲ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ತಿಪ್ಪೇಶನಿಗೆ ಸಮಾಧಾನವಾಗಲಿಲ್ಲ. "ಆದರೂ ಕದ್ದದ್ದು ಕದ್ದದ್ದೇ ಅಲ್ಲವೇ, ಗುರುಗಳೇ?"

"ಹೌದಪ್ಪ, ಯಾರು ಅಲ್ಲವೆಂದರು? ನಿನ್ನ ಜೊತೆಗಾರ ನಿನ್ನದೇನನ್ನು ಅಳಿಸದೆ ಇಟ್ಟುಕೊಂಡಿದ್ದಾನೆ, ನೋಡಿದೆಯಾ?"